ಇಲ್ಲಿ ಮನಸ್ಸು ಓದುವುದಿಲ್ಲ

ಈರಣ್ಣ ಕಾಕಾ ಕಣ್ಣು ಪರೀಕ್ಷೆ ಮಾಡುವಾಗ ನಾಣ್ಯ ಮಾಯ ಮಾಡುತ್ತಿದ್ದರು. ಅದು ಅವರಿಗೆ ಚಟ. ಗಿರಾಕಿ ಕುರ್ಚಿಯಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿಕೊಂಡು, ಎದುರು ಗೋಡೆಯ ಅಕ್ಷರಗಳನ್ನು ಓದಲು ಗಂಟಲು ಸರಿಮಾಡಿಕೊಳ್ಳುವ ಹೊತ್ತಿಗೆ ಇವರು ಅವರ ಮೂಗಿನ ಮುಂದೆ ಒಂದು ನಾಣ್ಯ ಹಿಡಿದು, "ಕಾಣಸ್ತೈತೇನ್ರಿ?" ಎನ್ನುತ್ತಿದ್ದರು.

"ಕಾಣಸ್ತೈತ್ರಿ."

ಬೆರಳುಗಳನ್ನು ಒಮ್ಮೆ ಮಡಚಿ ಬಿಚ್ಚಿ, "ಈಗ?"

"ಈಗ ಇಲ್ರಿ."

"ಬರೋಬ್ಬರಿ. ಕಣ್ಣು ಚಲೋ ಅದಾವು. ಇಲ್ಲದ್ದು ಕಾಣಬಾರದು."

ಬಹಳ ಜನ ನಗುತ್ತಿದ್ದರು. ಎಲ್ಲರೂ ಅಲ್ಲ. ಒಮ್ಮೆ ಕರ್ಜಗಿಯಿಂದ ಬಂದ ಮುದುಕನೊಬ್ಬ ಈ ಆಟಕ್ಕೆ ಸಿಕ್ಕಿಕೊಂಡ. ನಾಣ್ಯ ಕಂಡಿತು, ಆಮೇಲೆ ಕಾಣಲಿಲ್ಲ. ಮುದುಕ ಮುಚ್ಚಿದ್ದ ಕಣ್ಣನ್ನೂ ತೆರೆದು ನೋಡಿದ. ಆಗಲೂ ಕಾಣಲಿಲ್ಲ. "ಯಪ್ಪಾ, ಬರೂಮುಂದ ಬಸ್ಸಿನ ಬೋರ್ಡ ಓದಿಕೊಂಡ ಬಂದೇನಿ. ಇಲ್ಲಿ ಬಂದ ಕುಂತ ಮ್ಯಾಲೆ ಕಣ್ಣು ಹೋದ್ವಲ್ಲೋ!" ಎಂದು ದೊಡ್ಡ ದನಿ ತೆಗೆದು ಅಳತೊಡಗಿದ. ಕಾಕಾ ಗಾಬರಿಯಾಗಿ, "ಅಳಬ್ಯಾಡ್ರಿ ಯಜಮಾನ್ರ, ಎಲ್ಲೂ ಹೋಗಿಲ್ಲ, ಇಲ್ಲೇ ಐತಿ ನೋಡ್ರಿ" ಎಂದು ಅವನ ಕಿವಿಯಿಂದ ನಾಣ್ಯ ತೆಗೆದು ಅಂಗೈಯಲ್ಲಿಟ್ಟರು. ಮುದುಕ ಅಳು ನಿಲ್ಲಿಸಿದ. ನಾಣ್ಯವನ್ನು ಹೊರಳಿಸಿ ಹೊರಳಿಸಿ ನೋಡಿದ. ಸ್ವಲ್ಪ ಹೊತ್ತು ಯೋಚಿಸಿ, "ಅದಕ್ಕ ಈ ಕಿವಿ ಮಂದ ಆಗಿತ್ತು" ಎಂದ. ಮುಂದಿನ ಸಂತೆಯ ದಿನ ಕರ್ಜಗಿಯಿಂದ ಕಿವಿ ತೋರಿಸಲು ಜನ ಬಂದರು.

ಇದೆಲ್ಲ ನನಗೆ ಗೊತ್ತಾಗಲು ಕಾರಣ, ಅವರ ಚಷ್ಮಾದಂಗಡಿಗೂ ನನ್ನ ಫೋಟೋ ಸ್ಟುಡಿಯೋಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಹಾವೇರಿಯ ಬಸ್ ನಿಲ್ದಾಣದ ಹತ್ತಿರದ ಓಣಿಯಲ್ಲಿ ನಾನು ಸ್ಟುಡಿಯೋ ಇಟ್ಟಾಗ ಎರಡು ಸಾವಿರದ ಇಸವಿ ದಾಟಿತ್ತಷ್ಟೇ. ಮದುವೆಗಳನ್ನು ಇನ್ನೂ ಕ್ಯಾಸೆಟ್ಟಿನ ಕ್ಯಾಮೆರಾದಲ್ಲಿ ಹಿಡಿಯುತ್ತಿದ್ದ ಕಾಲ. ಆ ಗೋಡೆಯಲ್ಲಿ ಒಂದು ಹಲಗೆ ಸಡಿಲವಾಗಿತ್ತು. ಗಿರಾಕಿ ಇಲ್ಲದಾಗ ಕಾಕಾ ಅದನ್ನು ಸರಿಸಿ, "ಬಸ್ಯಾ, ಒಂದ ಎಲಿ ಹಿಡಿ" ಎಂದು ಇಸ್ಪೀಟಿನ ಕಟ್ಟು ಚಾಚುತ್ತಿದ್ದರು. ನಾನು ಒಂದು ಎಲೆ ತೆಗೆದು ನೋಡಿ ವಾಪಸು ಇಡುತ್ತಿದ್ದೆ. ಹಲಗೆ ಮುಚ್ಚುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಆ ಕಡೆಯಿಂದ "ಇಸ್ಪೀಟ ರಾಣಿ!" ಎಂಬ ಕೂಗು ಕೇಳುತ್ತಿತ್ತು. ಒಮ್ಮೊಮ್ಮೆ ನಾನು ಯಾರದೋ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುತ್ತಿರುವಾಗಲೇ ಆ ಕೂಗು ಬಂದು, ಕುಳಿತವರು ಬೆಚ್ಚಿ, ಫೋಟೋ ಕೆಡುತ್ತಿತ್ತು.

ಕಾಕಾ ಉದ್ದಕ್ಕೆ, ಸಣ್ಣಗೆ ಇದ್ದರು. ಮೇ ತಿಂಗಳ ಸೆಕೆಯಲ್ಲೂ ತುಂಬುತೋಳಿನ ಅಂಗಿ, ಮಣಿಕಟ್ಟಿನ ಗುಂಡಿ ಹಾಕಿದ್ದೇ. ಎಲ್ಲ ಗುಟ್ಟೂ ಆ ತೋಳಿನೊಳಗೇ ಇದೆ ಎಂದು ಓಣಿಯವರೆಲ್ಲ ನಂಬಿದ್ದರು. ನಾನೂ ಒಮ್ಮೆ ಕೇಳಿದ್ದೆ. "ತೋಳಿನ್ಯಾಗ ಏನೂ ಇಲ್ಲೋ. ಜನ ತೋಳು ನೋಡ್ಲಿ ಅಂತ ತೋಳು" ಎಂದಿದ್ದರು. ಅವರ ಕಣ್ಣು ಹದ್ದಿನ ಕಣ್ಣು, ಚಷ್ಮಾ ಬೇಕಿರಲಿಲ್ಲ. ಆದರೆ ಚಷ್ಮಾ ಮಾರುವವನೇ ಚಷ್ಮಾ ಹಾಕದಿದ್ದರೆ ಗಿರಾಕಿಗೆ ನಂಬಿಕೆ ಬರುವುದಿಲ್ಲವೆಂದು ಗಾಜಿಲ್ಲದ ಬರೀ ಫ್ರೇಮು ಹಾಕಿಕೊಳ್ಳುತ್ತಿದ್ದರು. ಮಾತಿನ ನಡುವೆ ಕಣ್ಣು ತುರಿಸಿದರೆ ಫ್ರೇಮಿನ ಒಳಗಿಂದಲೇ ಬೆರಳು ಹಾಕಿ ತುರಿಸಿಕೊಳ್ಳುತ್ತಿದ್ದರು. ಇದನ್ನು ಕಂಡವರು ಚಷ್ಮಾ ಕೊಳ್ಳುವುದನ್ನು ಮರೆತು ಅದನ್ನೇ ದಿಟ್ಟಿಸುತ್ತಿದ್ದರು.

ಹರೆಯದಲ್ಲಿ ಅವರು ಹುಬ್ಬಳ್ಳಿಯಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತಿದ್ದಾಗ ಟೆಂಟು ಹಾಕಿ ಆಟ ತೋರಿಸುವ ಜಾದೂಗಾರನೊಬ್ಬ ಚಷ್ಮಾ ಮಾಡಿಸಲು ಬಂದಿದ್ದನಂತೆ. ವಯಸ್ಸಾಗಿ ಅವನಿಗೆ ತನ್ನ ಎಲೆಗಳೇ ಕಾಣುತ್ತಿರಲಿಲ್ಲ. ಚಷ್ಮಾ ತಯಾರಾಗುವ ತನಕ ದಿನಾ ಸಂಜೆ ಬಂದು ಕುಳಿತು ಇವರಿಗೆ ಕೈಚಳಕ ಕಲಿಸಿದ. ಚಷ್ಮಾ ತಯಾರಾದ ಮೇಲೆ, ಇವರ ಕೈ ಹೇಗೆ ನಡೆಯುತ್ತಿದೆ ಎಂದು ಮೊದಲ ಬಾರಿ ಸ್ಪಷ್ಟವಾಗಿ ಕಂಡು, "ಅಯ್ಯೋ, ಎಲ್ಲಾ ತಪ್ಪ ಕಲಿಸೇನಲ್ಲೋ" ಎಂದು ಹೇಳಿ ಊರು ಬಿಟ್ಟು ಹೋದ. ಕಾಕಾ ಇದನ್ನು ಬಹಳ ಗೌರವದಿಂದ ಹೇಳುತ್ತಿದ್ದರು.

ತಮ್ಮ ಅಂಗಡಿಯಲ್ಲಿ ಅವರು ಆಟ ತೋರಿಸುತ್ತಿದ್ದದ್ದು ಕನ್ನಡಿಗಳ ನಡುವೆ ನಿಂತು. ಚಷ್ಮಾದಂಗಡಿ ಎಂದ ಮೇಲೆ ಎಡಕ್ಕೆ ಕನ್ನಡಿ, ಬಲಕ್ಕೆ ಕನ್ನಡಿ, ಹಿಂದೆ ಕನ್ನಡಿ. ಕೈಚಳಕದವನಿಗೆ ಇದಕ್ಕಿಂತ ದೊಡ್ಡ ವೈರಿ ಇಲ್ಲ. ಅಂಗೈಯ ಹಿಂದೆ ಅಡಗಿಸಿದ್ದೆಲ್ಲ ಹಿಂದಿನ ಕನ್ನಡಿಯಲ್ಲಿ ಢಾಳಾಗಿ ಕಾಣುತ್ತದೆ. ನಾನು ಹಲಗೆಯ ಸಂದಿಯಿಂದ ಎಷ್ಟೋ ಸಲ ಕಂಡಿದ್ದೇನೆ. ಆದರೆ ಗಿರಾಕಿಗಳಲ್ಲಿ ಒಬ್ಬರಾದರೂ ಕಂಡದ್ದಿಲ್ಲ. ಯಾಕೆಂದು ಕೇಳಿದೆ.

"ಕನ್ನಡಿ ಇದ್ದಲ್ಲಿ ಮನಷ್ಯಾ ತನ್ನ ಮಾರಿ ಬಿಟ್ಟ ಬ್ಯಾರೇದೇನೂ ನೋಡಂಗಿಲ್ಲೋ ಬಸ್ಯಾ" ಎಂದರು. "ನಾ ಇಲ್ಲಿ ಆನಿ ಅಡಗಿಸಿದ್ರೂ ನಡೀತೈತಿ."

ಇನ್ನೊಂದು ವಿಶೇಷವೆಂದರೆ, ಗುಟ್ಟು ಕೇಳಿದರೆ ಅವರು ಹೇಳಿಬಿಡುತ್ತಿದ್ದರು. ಬೇರೆ ಜಾದೂಗಾರರು ಪ್ರಾಣ ಹೋದರೂ ಹೇಳುವುದಿಲ್ಲ. ಇವರು ಹೇಳಿ, ಮಾಡಿ ತೋರಿಸಿ, ನಿಮ್ಮ ಕೈಯಲ್ಲೂ ಮಾಡಿಸಿ, ನಿಮಗೆ ಬರದಿದ್ದಾಗ ಬೇಜಾರು ಮಾಡಿಕೊಳ್ಳುತ್ತಿದ್ದರು. ಅವರಿಗೆ ಎಲ್ಲಕ್ಕಿಂತ ಪ್ರಿಯವಾದ ಆಟ ಮಣಿಕಟ್ಟಿನದು. ನೀವು ಅಂಗಡಿಯಲ್ಲಿ ಎಲ್ಲಾದರೂ ಒಂದು ಬೀಗದ ಕೈ ಬಚ್ಚಿಡಬೇಕು. ಅವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಿಮ್ಮ ಮಣಿಕಟ್ಟು ಹಿಡಿಯುತ್ತಾರೆ. ನೀವು ಬಾಯಿ ಬಿಡಬಾರದು, ಬಚ್ಚಿಟ್ಟ ಜಾಗವನ್ನು ಮನಸ್ಸಿನಲ್ಲಿ ನೆನೆಯುತ್ತಿರಬೇಕು. ಅವರು ನಿಮ್ಮನ್ನು ಎಳೆದುಕೊಂಡು ನೇರವಾಗಿ ಅಲ್ಲಿಗೇ ಹೋಗಿ ಬೀಗದ ಕೈ ತೆಗೆಯುತ್ತಾರೆ. ಜನ ಇದನ್ನು ಮನಸ್ಸು ಓದುವುದು ಎನ್ನುತ್ತಿದ್ದರು.

"ಮನಸ್ಸೂ ಇಲ್ಲ, ಓದೂದೂ ಇಲ್ಲ" ಎನ್ನುತ್ತಿದ್ದರು ಕಾಕಾ. "ಎಲ್ಲಿ ಇಟ್ಟಾರೋ ಆ ಕಡೆ ಅವರ ಕೈ ತಾನ ಸಣ್ಣಂಗ ಎಳಿತೈತಿ. ಅವರಿಗೇ ಗೊತ್ತಾಗಂಗಿಲ್ಲ. ನಾ ಅವರನ್ನ ಕರಕೊಂಡ ಹೋಗಂಗಿಲ್ಲೋ, ಅವರ ಹಿಂದ ಹೋಗತೇನಿ. ಅಷ್ಟ."

ಅವರ ಹೆಂಡತಿ ಗಿರಿಜಾ ಕಾಕು ಇದನ್ನೆಲ್ಲ ಕೇಳಿ, ಊಟದ ಡಬ್ಬಿಯನ್ನು ಮೇಜಿನ ಮೇಲಿಡುತ್ತ, "ಊರ ಮಂದಿ ಕೈ ಎಲ್ಲಿ ಎಳಿತೈತಿ ಅಂತ ಇವರಿಗೆ ಗೊತ್ತು. ಮನ್ಯಾಗ ಎಣ್ಣಿ ಮುಗದೈತಿ ಅಂತ ನಾ ಬಾಯಿಬಿಟ್ಟ ಹೇಳಿದ್ರೂ ಗೊತ್ತಾಗಂಗಿಲ್ಲ" ಎಂದು ನನಗೆ ಹೇಳಿ ಹೋಗುತ್ತಿದ್ದರು.

ಕಾಕಾ ಹಾವೇರಿಯ ಹೊರಗೆ ಹೆಸರಾದದ್ದು ಬ್ಯಾಡಗಿಯಲ್ಲಿ, ಅದೂ ಒಂದು ಸೀನಿನಿಂದ. ಅಲ್ಲಿಯ ಮೆಣಸಿನಕಾಯಿ ವ್ಯಾಪಾರಸ್ಥರು ಒಂದು ಸಂಜೆ ಸತ್ಕಾರ ಸಮಾರಂಭ ಇಟ್ಟುಕೊಂಡಿದ್ದರು. ನಾನು ವಿಡಿಯೋ ಮಾಡಲು ಹೋಗುವವನಿದ್ದೆ. ನನ್ನ ಜೊತೆ ಕಾಕಾನನ್ನೂ ಕರೆಸಿದರು. ಹೋದದ್ದು ಸುಗ್ಗಿಯಲ್ಲಿ. ಆ ದಿನಗಳಲ್ಲಿ ಬ್ಯಾಡಗಿಯೊಳಗೆ ಕಾಲಿಟ್ಟರೆ ಗಾಳಿಯೇ ಕೆಂಪಗಿದೆಯೇನೋ ಅನ್ನಿಸುತ್ತದೆ. ಊರಿನವರಿಗೆ ಏನೂ ಆಗುವುದಿಲ್ಲ. ಅವರು ಮೆಣಸಿನಕಾಯಿ ರಾಶಿಗಳ ನಡುವೆ ನಿಂತು ಆರಾಮಾಗಿ ಚಹಾ ಕುಡಿಯುತ್ತಿರುತ್ತಾರೆ.

ಕಾಕಾ ಅಂದು ನಾಡಿ ನಿಲ್ಲಿಸುವ ಆಟ ಇಟ್ಟುಕೊಂಡಿದ್ದರು. ಬಗಲಲ್ಲಿ ಒಂದು ನಿಂಬೆಹಣ್ಣು ಬಚ್ಚಿಟ್ಟುಕೊಂಡು ತೋಳನ್ನು ಒತ್ತಿ ಹಿಡಿದರೆ ಕೈಯ ನಾಡಿ ಸಿಕ್ಕುವುದಿಲ್ಲ. ಸಡಿಲ ಬಿಟ್ಟರೆ ಮತ್ತೆ ಬಡಿಯುತ್ತದೆ. ಅದರ ನಂತರ ಬಾಯಿಯಿಂದ ತೆಗೆದು ತೋರಿಸಲೆಂದು ಅರಿವೆಯ ಸಣ್ಣ ಕೆಂಪು ಚೆಂಡೊಂದು ದವಡೆಯಲ್ಲಿತ್ತು. ಕೈಯಲ್ಲಿ ಇಸ್ಪೀಟಿನ ಕಟ್ಟು. ಮುಂದಿನ ಸಾಲಿನ ಹಿರಿಯ ವ್ಯಾಪಾರಿ ವೀರಭದ್ರಪ್ಪನವರು ಎದ್ದು ಬಂದು ಕಾಕಾನ ಮಣಿಕಟ್ಟು ಹಿಡಿದು, "ಹೌದ್ರಿ, ನಿಂತೈತಿ! ನಾಡಿ ನಿಂತೈತಿ!" ಎಂದು ಸಭೆಗೆ ಸಾರಿದರು. ಆಗ ಕಾಕಾನಿಗೆ ಸೀನು ಬಂತು.

ಅಂಥ ಸೀನನ್ನು ನಾನು ಮತ್ತೆ ಕಂಡಿಲ್ಲ. ಬಾಯಿಯಿಂದ ಕೆಂಪು ಚೆಂಡು ಹಾರಿ ವೀರಭದ್ರಪ್ಪನವರ ತಲೆಯ ಪಟಕಕ್ಕೆ ಬಡಿಯಿತು. ಅಂಗಿಯ ಕೆಳಗಿಂದ ನಿಂಬೆಹಣ್ಣು ಜಾರಿ ವೇದಿಕೆಯ ಮೇಲೆ ಉರುಳಿತು. ಐವತ್ತೆರಡೂ ಎಲೆ ಮೇಲೆದ್ದು ಅಕ್ಷತೆಯಂತೆ ಎಲ್ಲರ ಮೇಲೆ ಬಿದ್ದವು. ಗಾಜಿಲ್ಲದ ಚಷ್ಮಾ ಒಂದು ಕಿವಿಯಲ್ಲಿ ನೇತಾಡುತ್ತಿತ್ತು. ಕಾಕಾ ತಲೆ ತಗ್ಗಿಸಿ ನಿಂತರು. ಆಮೇಲೆ ಚಪ್ಪಾಳೆ ಶುರುವಾಯಿತು ನೋಡಿ, ನಿಲ್ಲಲೇ ಒಲ್ಲದು. ಸತ್ತ ಮನುಷ್ಯ ಸೀನಿ ಎದ್ದ, ಮೈಯೊಳಗಿಂದ ಹಣ್ಣು ಹೊರಬಂತು ಎಂದು ಹೆಂಗಸರು ಒಬ್ಬರಿಗೊಬ್ಬರು ವಿವರಿಸತೊಡಗಿದರು. ಹಿಂದಿನ ಸಾಲಿನಿಂದ ಯಾರೋ ಎದ್ದು, "ಮತ್ತೊಮ್ಮೆ ಸೀನ್ರಿ! ಇಲ್ಲಿ ಕುಂತವ್ರಿಗೆ ಬರೋಬ್ಬರಿ ಕಾಣ್ಲಿಲ್ಲ!" ಎಂದು ಕೂಗಿದರು.

ಕಾಕಾ ಮೈಕಿನ ಮುಂದೆ ಬಂದು ನಿಜ ಹೇಳಿದರು. "ಅದು ಆಟ ಅಲ್ರಿ. ಖರೇನ ಸೀನು ಬಂತು." ಸಭೆ ಇನ್ನಷ್ಟು ನಕ್ಕಿತು.

ವಾಪಸು ಬರುವಾಗ ಜೀಪಿನಲ್ಲಿ ಅವರು ಹೆಕ್ಕಿ ತಂದ ಎಲೆಗಳನ್ನು ಎಣಿಸುತ್ತ ಕುಳಿತಿದ್ದರು. ಮೋಟೆಬೆನ್ನೂರು ದಾಟಿದ ಮೇಲೆ, "ಇಷ್ಟ ವರ್ಷ ಕನ್ನಡಿ ಮುಂದ ಬೆರಳು ಸವಿಸೇನಿ ಬಸ್ಯಾ. ಅದಕ್ಕ ಎಂದೂ ಇಷ್ಟ ಚಪ್ಪಾಳಿ ಬಿದ್ದಿರಲಿಲ್ಲ" ಎಂದರು. ಬೇಜಾರಿನಿಂದ ಅಂದರೋ ಸಂತೋಷದಿಂದಲೋ ತಿಳಿಯಲಿಲ್ಲ.

ರಾಣೆಬೆನ್ನೂರಿನ ಸಂಗತಿ ನಡೆದದ್ದು ಈ ಸೀನಿನಿಂದಾಗಿಯೇ. ವೀರಭದ್ರಪ್ಪನವರ ಮಗ ಮಹೇಶನಿಗೆ ರಾಣೆಬೆನ್ನೂರಿನಲ್ಲಿ ಹೆಣ್ಣು ಗೊತ್ತಾಯಿತು. ಹುಡುಗಿಯ ತಂದೆ ಶಿವಾನಂದಪ್ಪನವರದು ಬೀಜದ ಅಂಗಡಿ. ನಿಶ್ಚಿತಾರ್ಥ ಬಸ್ ನಿಲ್ದಾಣದ ಎದುರಿನ ಒಂದು ಸಭಾಭವನದಲ್ಲಿ. ವಿಡಿಯೋಗೆ ನನಗೆ ಹೇಳುವಾಗ ವೀರಭದ್ರಪ್ಪನವರು, "ಆ ಸೀನೋರನ್ನೂ ಕರಕೊಂಡ ಬಾ. ಊಟ ತಯಾರಾಗೂತನಕ ಮಂದಿಗೆ ಹೊತ್ತು ಹೋಗಬೇಕಲ್ಲ" ಎಂದಿದ್ದರು.

ಕಾಕಾ ಸೀನಲು ಒಪ್ಪಲಿಲ್ಲ. ಉಂಗುರ ಹುಡುಕುವ ಆಟ ಮಾಡುತ್ತೇನೆ ಎಂದರು. ಉಂಗುರವನ್ನು ಮಂದಿಯಲ್ಲಿ ಯಾರ ಹತ್ತಿರವಾದರೂ ಬಚ್ಚಿಡುವುದು, ಮದುಮಗಳ ಮಣಿಕಟ್ಟು ಹಿಡಿದು ತಾನು ಅದನ್ನು ಕಂಡುಹಿಡಿಯುವುದು. ಎಲ್ಲರಿಗೂ ಇದು ಒಪ್ಪಿಗೆಯಾಯಿತು. ವೀರಭದ್ರಪ್ಪನವರೇ ಎದ್ದು ಬಂದು ಕಾಕಾನ ಕಣ್ಣಿಗೆ ಕರಿ ಬಟ್ಟೆಯನ್ನು ಎರಡು ಸುತ್ತು ಬಿಗಿದು, ಗಂಟು ಜಗ್ಗಿ ನೋಡಿದರು. ಹೆಣ್ಣಿನ ಕಡೆಯವರು ತಂದಿದ್ದ ಉಂಗುರವನ್ನು ಮಹೇಶನ ಸೋದರಮಾವನ ಟೊಪ್ಪಿಗೆಯೊಳಗೆ ಇಟ್ಟರು. ಮಾವ ಕತ್ತು ಅಲುಗಿಸದೆ ಕುಳಿತ.

ಹುಡುಗಿಯ ಹೆಸರು ಸುಮಂಗಲಾ. ಬೆಳಗಿನಿಂದ ನನ್ನ ಕ್ಯಾಮೆರಾದಲ್ಲಿ ಅವಳು ಒಮ್ಮೆಯೂ ತಲೆ ಎತ್ತಿರಲಿಲ್ಲ. ನಾಚಿಕೆ ಎಂದುಕೊಂಡಿದ್ದೆ. ಕಾಕಾ ಅವಳ ಮಣಿಕಟ್ಟು ಹಿಡಿದು, "ತಂಗಿ, ಉಂಗುರ ಎಲ್ಲೈತಿ ಅಷ್ಟ ನೆನಸು. ಬ್ಯಾರೆ ಏನೂ ನೆನಸಬ್ಯಾಡ" ಎಂದರು.

ಇಬ್ಬರೂ ಸೋದರಮಾವನ ಕಡೆ ಹೊರಟರು. ಟೊಪ್ಪಿಗೆಯಿಂದ ಒಂದು ಮಾರು ದೂರದಲ್ಲಿ ಕಾಕಾ ನಿಂತರು. ಸ್ವಲ್ಪ ಹೊತ್ತು ಹಾಗೇ ನಿಂತರು. ಆಮೇಲೆ ತಿರುಗಿ, ಕುರ್ಚಿಗಳ ಸಾಲು ದಾಟಿ, ಬಾಗಿಲಿನಿಂದ ಹೊರಗೆ ಹೋದರು. ಜನ ನಕ್ಕರು. ಶಿವಾನಂದಪ್ಪನವರು, "ಈರಣ್ಣಾರ, ಉಂಗುರ ಒಳಗೈತ್ರಿ!" ಎಂದು ಕೂಗಿದರು. "ಮಾತಾಡಬ್ಯಾಡ್ರಿ, ಆಟ ಕೆಡತೈತಿ" ಎಂದರು ಕಾಕಾ. ಅವರು ರಸ್ತೆಗೆ ಇಳಿದದ್ದು ಕಂಡಾಗ ನಗು ನಿಂತು, ಇಡೀ ನಿಶ್ಚಿತಾರ್ಥ ಎದ್ದು ಹಿಂದೆ ಬಂತು.

ನಾನು ಕ್ಯಾಮೆರಾ ಹಿಡಿದು ಹಿಂದುಹಿಂದಕ್ಕೆ ನಡೆಯುತ್ತಿದ್ದೆ. ಕಣ್ಣು ಕಟ್ಟಿಕೊಂಡ ಉದ್ದನೆಯ ಮನುಷ್ಯ, ಅವನ ಕೈಯಲ್ಲಿ ರೇಷ್ಮೆ ಸೀರೆಯ ಮದುಮಗಳ ಕೈ, ಹಿಂದೆ ಪಟಕ ಟೊಪ್ಪಿಗೆಗಳ ಮೆರವಣಿಗೆ, ಅದರ ನಡುವೆ ಉಂಗುರವನ್ನು ತಲೆಯ ಮೇಲೆ ಹೊತ್ತ ಸೋದರಮಾವ. ಒಂದು ಟೆಂಪೋ ಬ್ರೇಕು ಹಾಕಿ ನಿಂತು ದಾರಿ ಬಿಟ್ಟಿತು. ನನ್ನ ಪಕ್ಕದಲ್ಲಿ ಓಡುತ್ತಿದ್ದ ಹುಡುಗಿಯ ಸೋದರತ್ತೆ, "ಅಯ್ಯ ಶಿವನ, ಬಸ್‌ ಸ್ಟ್ಯಾಂಡಿಗೆ ಹೊಂಟಾಳ! ಅದನ್ನ ಬಿಡು ಅಂದ್ರ ಬಿಡವಲ್ಲಳು!" ಎಂದು ಹಣೆ ಬಡಿದುಕೊಂಡಳು. ಆಗ ನನಗೆ ವಿಷಯ ತಿಳಿಯಿತು. ಸುಮಂಗಲಾಗೆ ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಸಿಕ್ಕಿತ್ತು. ತರಬೇತಿಯೂ ಮುಗಿದಿತ್ತು. ಹೆಂಗಸರು ಆ ಕೆಲಸಕ್ಕೆ ಸೇರುವುದು ಆಗಿನ್ನೂ ನಮ್ಮ ಕಡೆ ಹೊಸದು. ಗಂಡಿನ ಕಡೆಯವರು ಕೆಲಸ ಬಿಟ್ಟರೆ ಮಾತ್ರ ಮದುವೆ ಎಂದಿದ್ದರು; ಅಪ್ಪ ಹೂಂ ಎಂದಿದ್ದರು; ಅವಳನ್ನು ಯಾರೂ ಕೇಳಿರಲಿಲ್ಲ.

ಹಾವೇರಿಯ ಬಸ್ಸು ಹೊರಡಲು ನಿಂತಿತ್ತು. ಕಾಕಾನ ಕಾಲು ಮೆಟ್ಟಿಲಿಗೆ ತಾಗಿತು. ಹತ್ತಿದರು. ಅವಳೂ ಹತ್ತಿ ಕಂಡಕ್ಟರ್ ನಿಲ್ಲುವ ಜಾಗದಲ್ಲಿ ನಿಂತಳು. ಹಿಂದಿದ್ದವರು ನುಗ್ಗಿದರು. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು, ಪುರೋಹಿತರು, ನಾನು, ಎಲ್ಲರೂ ಬಾಗಿಲಲ್ಲೇ ಸಿಕ್ಕಿಕೊಂಡು ಒದ್ದಾಡುತ್ತಿರುವಾಗ ಬೆಳಗಿನಿಂದ ತುಟಿ ಬಿಚ್ಚದ ಆ ಹುಡುಗಿ, ಬಸ್ಸಿನ ತಗಡು ನಡುಗುವಂಥ ದನಿಯಲ್ಲಿ, "ಬಾಗಲದಾಗ ನಿಂದರಬ್ಯಾಡ್ರೀ! ಮುಂದ ನಡೀರಿ, ಮುಂದ! ಯಜಮಾನ್ರ, ನಿಮಗ ಹೇಳಾಕತ್ತೇನಿ, ಮುಂದ ಜಾಗಾ ಐತಿ!" ಎಂದಳು.

ಯಜಮಾನರು ಎಂದರೆ ವೀರಭದ್ರಪ್ಪನವರು. ಅವರು ಸಣ್ಣ ಹುಡುಗನ ಹಾಗೆ ಮುಂದೆ ಹೋದರು. ಎಲ್ಲರೂ ಹೋದರು. "ರೈಟ್!" ಎಂದಳು. ಡ್ರೈವರ್ ಹಿಂತಿರುಗಿಯೂ ನೋಡದೆ ಬಸ್ಸು ಬಿಟ್ಟ.

ನಿಲ್ದಾಣದ ಗೇಟಿನ ಹತ್ತಿರ ಬಸ್ಸು ನಿಂತಿತು. ನಿಜವಾದ ಕಂಡಕ್ಟರ್ ಚಹಾದ ಕಪ್ಪು ಹಿಡಿದುಕೊಂಡೇ ಓಡಿಬಂದು ಹತ್ತಿ, ಬಸ್ಸಿನ ತುಂಬ ಹೂವು ಮುಡಿದ ಜನರನ್ನು ಕಂಡು, "ಇದೇನ್ರಿ, ಇದು ನನ್ನ ಬಸ್ಸ ಹೌದೋ ಅಲ್ಲೋ?" ಎಂದ. ಕಾಕಾ, ಕಣ್ಣಿನ ಬಟ್ಟೆ ಬಿಚ್ಚದೆ, ಅವಳ ಮಣಿಕಟ್ಟು ಬಿಡದೆ, "ಉಂಗುರ ಸಿಕ್ತೇನ್ರಿ?" ಎಂದು ಕೇಳಿದರು.

ಸುಮಂಗಲಾ ತಂದೆಯ ಕಡೆ ನೋಡಿದಳು. ಈಗ ದನಿ ಸಣ್ಣದಾಗಿತ್ತು. "ಅಪ್ಪಾ, ನನಗ ಈ ಕೆಲಸ ಬೇಕ್ರಿ. ಬಿಡು ಅನಬ್ಯಾಡ್ರಿ."

ಶಿವಾನಂದಪ್ಪನವರು ಕಂಬಿ ಹಿಡಿದು ನಿಂತಿದ್ದರು. ಮುಖ ಕೆಂಪಾಯಿತು, ಕಪ್ಪಾಯಿತು. ಕೊನೆಗೆ, "ಇಷ್ಟ ಮಂದಿ ಮುಂದ ಹೇಳಾಕ ಬರತೈತಿ, ಮನ್ಯಾಗ ನನ್ನ ಮುಂದ ಯಾಕ ಹೇಳಲಿಲ್ಲವ?" ಎಂದರು.

"ನೀವು ಕೇಳಲಿಲ್ರಿ."

ಮಹೇಶ ಡ್ರೈವರ್ ಸೀಟಿಗೆ ಒತ್ತಿಕೊಂಡು ನಿಂತಿದ್ದ. "ಅಪ್ಪಾ, ಮಾಡ್ಲಿ ಬಿಡ್ರಿ" ಎಂದ, ಯಾರಿಗೂ ಕೇಳಿಸದ ಹಾಗೆ. ವೀರಭದ್ರಪ್ಪನವರಿಗೆ ಮಾತ್ರ ಕೇಳಿಸಿತು. ಅವರು ಮಗನ ತೋಳು ಹಿಡಿದು ಮುಂದಿನ ಬಾಗಿಲಿನಿಂದ ಇಳಿದುಹೋದರು. ಅವರ ಹಿಂದೆ ಆ ಕಡೆಯವರೆಲ್ಲ ಇಳಿದರು. ಸೋದರಮಾವ ಸ್ವಲ್ಪ ದೂರ ಹೋದವನು ಓಡುತ್ತ ವಾಪಸು ಬಂದು, ಟೊಪ್ಪಿಗೆ ತೆಗೆದು ಉಂಗುರವನ್ನು ಕಂಡಕ್ಟರನ ಕೈಯಲ್ಲಿಟ್ಟು ಹೋದ.

ನಿಶ್ಚಿತಾರ್ಥ ಮುರಿಯಿತು. ಮುಂದಿನ ತಿಂಗಳು ಸುಮಂಗಲಾ ಕೆಲಸಕ್ಕೆ ಹಾಜರಾದಳು. ಮಹೇಶನಿಗೆ ಬೇರೆ ಕಡೆ ಹೆಣ್ಣು ಸಿಕ್ಕಿತು. ಆ ನಿಶ್ಚಿತಾರ್ಥಕ್ಕೂ ವಿಡಿಯೋ ಮಾಡಲು ನನ್ನನ್ನು ಕರೆದರು, ಕಾಕಾನನ್ನು ಊಟಕ್ಕೂ ಕರೆಯಲಿಲ್ಲ.

ಕಾಕಾ ಹಾವೇರಿಗೆ ಬಂದವರು ಹಲವು ದಿನ ಅಂಗಡಿ ತೆರೆಯಲಿಲ್ಲ. ಮನೆಗೆ ಹೋದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. "ಚಲೋ ಆತಲ್ಲ ಬಿಡ್ರಿ ಕಾಕಾ, ಹುಡುಗಿ ಗೆದ್ದಳು" ಎಂದೆ.

"ಮೊದಲ ಉಂಗುರದ ಕಡೆನ ಎಳದಿತ್ತೋ ಆ ಕೈ" ಎಂದರು. "ಸೀದಾ ಹೊಂಟಿದ್ವಿ. ಅಲ್ಲಿ ಮುಟ್ಟೂದ್ರಾಗ ಒಮ್ಮೆ ಹೊರಗ ಜಗ್ಗಿತು ನೋಡು, ಬಾವ್ಯಾಗ ಬಿದ್ದವ್ರು ಹಗ್ಗಾ ಜಗ್ಗಿದಂಗ. ನಾ ಅಲ್ಲೇ ನಿಂದರಬೇಕಿತ್ತು. ಆಟ ಅಂದ್ರ ಆಟ ಆಗಿರಬೇಕು. ನಿಂದರಾಕ ಆಗಲಿಲ್ಲ. ಒಬ್ಬರ ಸಂಸಾರ ಹೂಡೂ ಮೊದಲ ಮುರದೆ, ಕಣ್ಣ ಕಟಿಗೊಂಡ." ಅವರ ಕಣ್ಣಲ್ಲಿ ನಿಜವಾದ ಹೆದರಿಕೆ ಇತ್ತು. ಅವರನ್ನು ಹಾಗೆ ನಾನು ಕಂಡದ್ದು ಅದೊಂದೇ ಸಲ.

ಅಂಗಡಿ ತೆರೆದ ದಿನ ಹೊರಗೆ ಜನ ನಿಂತಿದ್ದರು. ಚಷ್ಮಾಕ್ಕಲ್ಲ. ಸುದ್ದಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಕಡೆ ಹಬ್ಬಿತ್ತು. ಒಬ್ಬ ತಂದೆ ಮಗನನ್ನು ಎಳೆದುಕೊಂಡು ಬಂದಿದ್ದ: "ಇವಂದ ಕೈ ಹಿಡೀರಿ, ಕಾಲೇಜಿಗೆ ಹೋಗ್ತೇನಿ ಅಂತಾನ, ಎಲ್ಲಿ ಹೋಗ್ತಾನ ನೋಡ್ರಿ." ಹೆಂಡತಿಯರು ಗಂಡಂದಿರನ್ನು ಕರೆತಂದರು. ಗಂಡಂದಿರು ಕೈಯನ್ನು ಜೇಬಿನಿಂದ ತೆಗೆಯಲೇ ಇಲ್ಲ. ಹೊಸರಿತ್ತಿಯಿಂದ ಎಮ್ಮೆ ಕಳೆದುಕೊಂಡವನೊಬ್ಬ ಬಂದು ಮಣಿಕಟ್ಟು ಚಾಚಿ ಕುಳಿತ. "ಎಮ್ಮಿ ಎಲ್ಲೈತಿ ಅಂತ ನಿನಗ ಗೊತ್ತಿದ್ರ ನಿನ್ನ ಕೈ ಎಳಿತೈತೋ ಮಾರಾಯಾ. ನಿನಗ ಗೊತ್ತಿಲ್ಲ, ನನಗ ಹೆಂಗ ಗೊತ್ತಾಗಬೇಕು?" ಎಂದು ಕಾಕಾ ತಿಳಿಸಿ ಹೇಳಿದರು. ಅವನು ಏಳಲಿಲ್ಲ. ಕೊನೆಗೆ ಕೈ ಹಿಡಿದರು. ಕೈ ನೇರವಾಗಿ ಎದುರಿನ ಮಿರ್ಚಿ ಮಂಡಕ್ಕಿ ಅಂಗಡಿಗೆ ಎಳೆಯಿತು. ಪಾಪ, ಬೆಳಗಿನಿಂದ ಏನೂ ತಿಂದಿರಲಿಲ್ಲ. ಕಾಕಾ ತಿನ್ನಿಸಿ ಕಳಿಸಿದರು. ಮರುದಿನ ಎಮ್ಮೆ ತಾನಾಗಿ ಕೊಟ್ಟಿಗೆಗೆ ಬಂತು. ಹೊಸರಿತ್ತಿಯ ದಾರಿಯುದ್ದಕ್ಕೂ, ಕಳೆದ ದನ ಸಿಗಬೇಕಾದರೆ ಈರಣ್ಣನವರ ಕೈಯಿಂದ ಮಿರ್ಚಿ ತಿನ್ನಬೇಕು ಎಂಬ ಮಾತು ನಿಂತಿತು.

ಕಾಕಾ ಬೋರ್ಡು ಬರೆಸಿದರು: 'ಇಲ್ಲಿ ಮನಸ್ಸು ಓದುವುದಿಲ್ಲ. ಕಣ್ಣು ಮಾತ್ರ.' ಜನ ಬೋರ್ಡು ಓದಿ, ಎಂಥ ವಿನಯ ಎಂದು ಕೈಮುಗಿದರು. ಬೀಗದ ಕೈ ಬಚ್ಚಿಡಿಸಿ, ತೆಗೆದು ತೋರಿಸಿ, ಗುಟ್ಟು ಬಿಡಿಸಿ ಹೇಳಿದರು. "ಅದು ನಮ್ಮಂಥವ್ರಿಗೆ ಹೇಳೂದು. ಖರೇದ್ದ ಬ್ಯಾರೆ ಇರತೈತಿ" ಎಂದು ಜನ ಒಬ್ಬರಿಗೊಬ್ಬರು ಕಣ್ಣು ಸನ್ನೆ ಮಾಡಿದರು. ತಾನು ಬರೀ ಕೈಚಳಕದವನು ಎಂದು ಊರನ್ನು ನಂಬಿಸುವ ಒಂದು ಆಟವೂ ಆ ಮನುಷ್ಯನಿಗೆ ಗೊತ್ತಿರಲಿಲ್ಲ.

ಹೀಗಿರುವಾಗ ಅವರ ಬಲಗೈ ನಡುಗಲು ಶುರುವಾಯಿತು. ಮೊದಲು ಬೆರಳು, ಆಮೇಲೆ ಇಡೀ ಕೈ. ಡಾಕ್ಟರು ನರದ ತೊಂದರೆ ಎಂದರು, ಗುಳಿಗೆ ಕೊಟ್ಟರು. ನಾಣ್ಯ ಅಂಗೈಯಿಂದ ಜಾರಿ ನೆಲಕ್ಕೆ ಬೀಳತೊಡಗಿತು. ಇಸ್ಪೀಟಿನ ಕಟ್ಟು ಸಡಿಲ ಹಲಗೆಯ ಸಂದಿಯಿಂದ ಬರುವುದು ನಿಂತಿತು. ನಾನು ಮನಸ್ಸಿನಲ್ಲೇ ಅಂದುಕೊಂಡೆ, ಇನ್ನಾದರೂ ಜನ ಬಿಡುತ್ತಾರೆ ಎಂದು. ಎಲ್ಲಿಯ ಮಾತು! ಮಣಿಕಟ್ಟು ಹಿಡಿದಾಗ ಕೈ ನಡುಗುವುದನ್ನು ಕಂಡವರು, ಮೈಮೇಲೆ ದೇವರು ಬರುತ್ತದೆ ಎಂದರು. ಸಾಲು ಉದ್ದವಾಯಿತು. ಒಂದು ಬೆಳಿಗ್ಗೆ ಅಂಗಡಿಯ ಮೆಟ್ಟಿಲ ಮೇಲೆ ಯಾರೋ ತೆಂಗಿನಕಾಯಿ ಒಡೆದಿದ್ದರು. ಒಳಗೆ ಕಣ್ಣು ಪರೀಕ್ಷೆಯ ಅಕ್ಷರಗಳ ಫಲಕಕ್ಕೆ, ಎಲ್ಲಕ್ಕಿಂತ ಮೇಲಿನ ದೊಡ್ಡ ಅಕ್ಷರಕ್ಕೆ, ಕುಂಕುಮ ಹಚ್ಚಿದ್ದರು. ಕಾಕಾ ಒದ್ದೆ ಅರಿವೆಯಿಂದ ಅದನ್ನು ಒರೆಸಿದರು. ಆ ವಾರವೇ ಅಂಗಡಿ ಮುಚ್ಚಿದರು.

ಮಗಳ ಗಂಡನಿಗೆ ಕುಮಾರಪಟ್ಟಣದಲ್ಲಿ ಕಾರ್ಖಾನೆಯ ಕೆಲಸ. ಕಾಕಾ, ಕಾಕು ಇಬ್ಬರೂ ಅಲ್ಲಿಗೆ ಹೋದರು. ಒಮ್ಮೆ ನೋಡಲು ಹೋದಾಗ ಮನೆಯ ಹತ್ತಿರದ ಬೇವಿನ ಮರದ ಕೆಳಗೆ ನಾಲ್ಕಾರು ಹಿರಿಯರ ಜೊತೆ ಕ್ಯಾರಂ ಆಡುತ್ತಿದ್ದರು. ನಡುಗುವ ಕೈಯಿಂದ ಹೊಡೆದ ಸ್ಟ್ರೈಕರ್ ಕಾಯಿಗಳನ್ನು ಬಿಟ್ಟು ಎಲ್ಲೆಲ್ಲೋ ಹೋಗುತ್ತಿತ್ತು. ಒಮ್ಮೆ ಹಲಗೆಯಿಂದಲೇ ಹೊರಗೆ ಹಾರಿತು. ಒಬ್ಬರು ಎದ್ದು ಹೋಗಿ ಹುಲ್ಲಿನಲ್ಲಿ ಹುಡುಕಿ ತಂದು ಕೊಟ್ಟರು. ಕಾಕಾ ಅರ್ಧತೋಳಿನ ಅಂಗಿ ಹಾಕಿದ್ದರು.

"ಇಲ್ಲಿ ಆರಾಮ ಅದೇನಿ ಬಸ್ಯಾ" ಎಂದರು ನನಗೆ. "ಯಾರೂ ನನ್ನ ಕೈ ನೋಡಂಗಿಲ್ಲ, ಆಟ ನೋಡ್ತಾರ." ಹೊರಡುವಾಗ ರಸ್ತೆಯ ತನಕ ಬಂದರು. "ಮುಂದಿನ ಸರೆ ಬರೂಮುಂದ ಊಟದ ಹೊತ್ತಿಗೆ ಬಾ" ಎಂದರು. ಅದೇ ಅವರು ನನಗೆ ಹೇಳಿದ ಕೊನೆಯ ಮಾತು.

ಕಾಕಾ ತೀರಿಕೊಂಡ ಸುದ್ದಿ ಬಂದಾಗ ನಾನು ಯಾವುದೋ ಮದುವೆಯಲ್ಲಿದ್ದೆ, ಮಣ್ಣಿಗೆ ಹೋಗಲಾಗಲಿಲ್ಲ. ಮುಂದಿನ ಕಾರ್ಯಕ್ಕೆ ಹೋದೆ. ಗಿರಿಜಾ ಕಾಕು ನನ್ನನ್ನು ನೋಡಿ ಅತ್ತರು, ಅತ್ತು ಮುಗಿಸಿ ಒಳಗೆ ಅಡುಗೆ ನೋಡಲು ಹೋದರು. ಹೊರಗೆ ಶಾಮಿಯಾನದ ಕೆಳಗೆ ಕ್ಯಾರಂ ಆಡುತ್ತಿದ್ದ ಹಿರಿಯರು ಕುಳಿತಿದ್ದರು. ನಾನೂ ಹೋಗಿ ಅವರ ಪಕ್ಕದಲ್ಲಿ ಕುಳಿತೆ. ಅವರಲ್ಲಿ ಒಬ್ಬರು, ಹುಲ್ಲಿನಲ್ಲಿ ಸ್ಟ್ರೈಕರ್ ಹುಡುಕಿ ಕೊಟ್ಟವರೇ, ತಾವಾಗಿ ಮಾತು ತೆಗೆದರು.

"ಭಾಳ ಸೀದಾ ಮನಷ್ಯಾ ರೀ ನಮ್ಮ ಈರಣ್ಣಾರು. ಮನಸ್ಸಿನ್ಯಾಗ ಇದ್ದದ್ದೆಲ್ಲಾ ಮಾರಿ ಮ್ಯಾಲೆ ಕಾಣತಿತ್ತು. ಯಾವ ಕಾಯಿಗೆ ಹೊಡಿತಾರಂತ ನಮಗ ಮೊದಲ ಗೊತ್ತಾಗಿ ಬಿಡತಿತ್ತು. ಒಂದ ಆಟಾನೂ ಗೆಲ್ಲಲಿಲ್ಲ ನೋಡ್ರಿ, ಪಾಪ. ಒಂದ ಸರೇನೂ ಕಳ್ಳಾಟ ಆಡ್ಲಿಲ್ಲ."

ಕಾಕಾ ದೊಡ್ಡ ಜಾದೂಗಾರರಾಗಿದ್ದರು ಎಂದೆ. ಬ್ಯಾಡಗಿಯಲ್ಲಿ ನಾಡಿ ನಿಲ್ಲಿಸಿದ್ದನ್ನು ಹೇಳಿದೆ. ಕಣ್ಣು ಕಟ್ಟಿಕೊಂಡು ರಾಣೆಬೆನ್ನೂರಿನ ರಸ್ತೆ ದಾಟಿದ್ದನ್ನು ಹೇಳಿದೆ. ಮೂರು ಊರಿನ ಜನ ಮನಸ್ಸು ಓದಿಸಿಕೊಳ್ಳಲು ಅವರ ಅಂಗಡಿ ಮುಂದೆ ಸಾಲು ನಿಲ್ಲುತ್ತಿದ್ದರು ಎಂದೆ.

ಅವರು ಕೊನೆಯ ತನಕ ಸಮಾಧಾನದಿಂದ ಕೇಳಿಸಿಕೊಂಡರು. ನಂತರ ನನ್ನ ಮುಖವನ್ನು ಕನಿಕರದಿಂದ ನೋಡಿ, ಪಕ್ಕದವರ ಕಡೆ ಬಾಗಿ, "ಇವರು ಬ್ಯಾರೆ ಯಾರ್ದೋ ಕಾರ್ಯಕ್ಕ ಬಂದಾರ ಅನಸ್ತೈತಿ" ಎಂದು ಮೆಲ್ಲಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ಭುಜದ ಮೇಲೆ ಕೈ ಇಟ್ಟು, "ಇರ್ಲಿ ಬಿಡ್ರಿ. ಬಂದಂತೂ ಬಂದೀರಿ, ಊಟ ಮಾಡ್ಕೊಂಡ ಹೋಗ್ರಿ" ಎಂದರು.